ಬ್ರೇಕಿನ ಕೆಳಗಿನ ನಿಂಬೆಹಣ್ಣು

ಫೈನಲ್‌ನ ಕೊನೆಯ ಸುತ್ತಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಪೂರ್ತಿ ಕೆಳಗಿಳಿಯಲಿಲ್ಲ. ಅದರಡಿ ಮೆತ್ತಗಿನದೇನೋ ಸಿಕ್ಕಿಕೊಂಡಿತ್ತು. ಕಾರು ತಿರುವು ಬಿಟ್ಟು ಮಣ್ಣಿನ ದಿಬ್ಬದ ಕಡೆಗೆ ಜಾರತೊಡಗಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಕೊಟ್ಟು ಇನ್ನೊಮ್ಮೆ ಒತ್ತಿದೆ. ಅಡಿಯಲ್ಲಿದ್ದದ್ದು ಅಪ್ಪಚ್ಚಿಯಾಯಿತು, ಬ್ರೇಕ್ ಹಿಡಿಯಿತು, ನಾನು ಹೇಗೋ ತಿರುಗಿಕೊಂಡೆ. ಹೆಲ್ಮೆಟ್ಟಿನೊಳಗೆ ಧೂಳು, ಪೆಟ್ರೋಲಿನ ಜೊತೆ ನಿಂಬೆಹಣ್ಣಿನ ವಾಸನೆ ಬಂತು. ಆ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು. ಅತ್ತೆ!

ಹಾಗಿದ್ದೂ ಎಲ್ಲರಿಗಿಂತ ಮೊದಲು ಗೆರೆ ದಾಟಿದವಳು ನಾನೇ.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ ಊರಿನಲ್ಲಿ ವಾರವಿಡೀ ವಿಮಾನದ ಎಂಜಿನ್ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬೇಸಿಗೆಯ ವಾರಾಂತ್ಯಗಳಲ್ಲಿ ಊರಾಚೆಯ ಕಾಡಿನ ನಡುವೆ, ಜಲ್ಲಿ ಹಾಕಿದ ಟ್ರ್ಯಾಕಿನಲ್ಲಿ ಗುಜರಿಗೆ ಹೋಗಬೇಕಾದ ಕಾರು ಓಡಿಸುತ್ತೇನೆ. ಇಲ್ಲಿನವರು ಇದನ್ನು ಫೋಲ್ಕ್‌ರೇಸ್ ಅನ್ನುತ್ತಾರೆ. ಹಳೇ ಕಾರಿನಲ್ಲಿ ಡ್ರೈವರ್ ಸೀಟೊಂದನ್ನು ಬಿಟ್ಟು ಉಳಿದ ಸೀಟು, ಗಾಜು ಎಲ್ಲ ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆದು ಓಡಿಸುವ ಈ ಆಟದಲ್ಲಿ ರೈತರು, ನರ್ಸುಗಳು, ಮೇಷ್ಟ್ರುಗಳು ಎಲ್ಲ ಇದ್ದಾರೆ. ಹಬ್ಬಹುಣ್ಣಿಮೆಗೆ ಸೀರೆ ಉಡುವವಳು ನಾನೊಬ್ಬಳೇ. ಮೈಕಿನವನು ನನ್ನ ಕಾರಿನ ನಂಬರ್ ಹೇಳುವಾಗಲೆಲ್ಲ "ನಮ್ಮ ಭಾರತೀಯ ಗೆಳತಿ" ಎಂದು ಸೇರಿಸುತ್ತಾನೆ. ಪಾಪ, ಪ್ರೀತಿಯಿಂದಲೇ ಹೇಳುತ್ತಾನೆ. ನನಗೆ ಪ್ರತಿ ಸಲವೂ ಮೈ ಉರಿಯುತ್ತದೆ.

ಮನೆಯಲ್ಲಿ ನನ್ನದೊಂದು ಕಪ್ ಇದೆ. ಅದನ್ನು ಅಡುಗೆಮನೆಯ ಕಪಾಟಿನಲ್ಲಿ ಕುಕ್ಕರಿನ ಹಿಂದೆ ಇಟ್ಟಿದ್ದೇನೆ, ಯಾಕೆಂದರೆ ಅದನ್ನು ನಾನು ಗೆದ್ದಿರಲಿಲ್ಲ. ಮೇ ತಿಂಗಳ ರೇಸಿನಲ್ಲಿ ಮೊದಲು ಬಂದದ್ದು ಒಬ್ಬ ಬಸ್ ಡ್ರೈವರ್. ರೇಸ್ ಮುಗಿದ ಮೇಲಿನ ತಪಾಸಣೆಯಲ್ಲಿ ಅವನ ಕಾರಿನೊಳಗೆ ಸ್ನೂಸ್ ಡಬ್ಬಿ ಸಿಕ್ಕಿತು. ಇಲ್ಲಿನವರು ತುಟಿಯಡಿ ಇಟ್ಟುಕೊಳ್ಳುವ ಹೊಗೆಸೊಪ್ಪಿನ ಪುಟ್ಟ ಡಬ್ಬಿ ಅದು. ಕಾರಿನೊಳಗೆ ಕಟ್ಟದೆ ಬಿಟ್ಟ ವಸ್ತು ಯಾವುದೂ ಇರಕೂಡದು, ಉರುಳಿ ಬ್ರೇಕಿನಡಿ ಹೋದರೆ ಪ್ರಾಣಕ್ಕೇ ಸಂಚಕಾರ ಎಂಬುದು ನಿಯಮ. ಅವನನ್ನು ಅನರ್ಹಗೊಳಿಸಿ ಎರಡನೆಯವಳಾದ ನನಗೆ ಕಪ್ ಕೊಟ್ಟರು. ಅವನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದ. ನಾನೋ, ಇಲ್ಲಿನವರು ಫಿಕಾ ಅನ್ನುವ ಬಿಡುವಿನಲ್ಲಿ ಕಾಫಿ ಕುಡಿಯುತ್ತ "ರೂಲ್ ಅಂದರೆ ರೂಲ್" ಎಂದು ಅವನ ಕಿವಿಗೂ ಬೀಳುವಂತೆ ಹೇಳಿದ್ದೆ. ಅಂದಿನಿಂದ ನನಗೆ ಬೇಕಾಗಿದ್ದದ್ದು ಒಂದೇ: ಟ್ರ್ಯಾಕಿನ ಮೇಲೆ ಗೆದ್ದ, ಯಾರೂ ಬೆರಳು ತೋರಿಸಲಾಗದ ಒಂದು ಕಪ್.

ಈಗ ಅದು ಸಿಕ್ಕಿತ್ತು. ಬ್ರೇಕಿನಡಿಯಲ್ಲಿ ನಿಂಬೆಹಣ್ಣೂ ಇತ್ತು.

ದಾವಣಗೆರೆಯಿಂದ ಬೇಸಿಗೆ ಕಳೆಯಲು ಬಂದಿದ್ದ ಅತ್ತೆ ಫೈನಲ್‌ಗೆ ಮುಂಚೆ ನಾಲ್ಕೂ ಚಕ್ರಗಳಡಿ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. "ಇಷ್ಟು ಜೋರು ಓಡೋ ಗಾಡಿಗೆ ಪೂಜೆ ಇಲ್ದಿದ್ರೆ ಹೆಂಗವ್ವಾ?" ಎಂದಿದ್ದರು. ಚಕ್ರದಡಿ ತಾನೆ, ಇರಲಿ ಅಂದುಕೊಂಡು ಪಟಪಟನೆ ಹತ್ತಿಸಿಕೊಂಡು ಹೋಗಿದ್ದೆ. ನಾನು ಹೆಲ್ಮೆಟ್ ತರಲು ಹೋದಾಗ ಸೀಟಿನಡಿ ಐದನೆಯದನ್ನೂ ಇಟ್ಟಿದ್ದರೆಂದು ನನಗೇನು ಗೊತ್ತು?

ಗೆದ್ದ ಕಾರುಗಳನ್ನು ತಪಾಸಣೆಗೆಂದು ಹಗ್ಗ ಕಟ್ಟಿದ ಜಾಗದಲ್ಲಿ ನಿಲ್ಲಿಸಬೇಕು. ಎಂಜಿನ್ ಆಫ್ ಮಾಡಿ ಕೂತೆ. ತಪಾಸಣೆಯ ಮುದುಕ ಟಾರ್ಚ್ ಹಿಡಿದು ಪಕ್ಕದ ಕಾರನ್ನು ನೋಡುತ್ತಿದ್ದ. ಅದು ಬಸ್ ಡ್ರೈವರನದ್ದು. ಈ ಸಲ ಅವನು ಎರಡನೆಯವ. ಬಗ್ಗಿ ಕೈ ಹಾಕಿದರೆ ಹಣ್ಣು ಸಿಗುತ್ತಿತ್ತು. ನನ್ನ ಓವರಾಲ್‌ನ ಜೇಬೂ ದೊಡ್ಡದಿತ್ತು. ಕೈ ಮೊಣಕಾಲಿನ ತನಕ ಹೋಯಿತು. ಬೆವರು ಕಣ್ಣಿಗಿಳಿಯಿತು. ತೆಗೆದುಬಿಡು, ಯಾರೂ ನೋಡುತ್ತಿಲ್ಲ ಎಂದು ಮನಸ್ಸು ಗೋಗರೆಯುತ್ತಿತ್ತು. ಅಷ್ಟರಲ್ಲಿ ಟಾರ್ಚಿನ ಬೆಳಕು ನನ್ನ ಕಾಲಿನ ಮೇಲೆ ಬಿತ್ತು.

ಮುದುಕ ಮೂಗರಳಿಸಿದ. "ಸಿಟ್ರೂನ್?" ಎಂದ.

ಸ್ವೀಡಿಷಿನಲ್ಲಿ ಸಿಟ್ರೂನ್ ಅಂದರೂ ನಿಂಬೆಹಣ್ಣು ನಿಂಬೆಹಣ್ಣೇ. ನಾನು ಕೆಳಗಿಳಿದೆ. ಅವನು ಸಿಪ್ಪೆ ಹರಿದು ಚಪ್ಪಟೆಯಾದ, ಇನ್ನೂ ಕುಂಕುಮ ಅಂಟಿಕೊಂಡಿದ್ದ ಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹಗ್ಗದಾಚೆ ನನ್ನ ಗಂಡನ ಪಕ್ಕ ನಿಂತಿದ್ದ ಅತ್ತೆ ಸಂಭ್ರಮದಿಂದ ಕೈ ಬೀಸುತ್ತಿದ್ದರು. ರೇಸಿನ ಮುಖ್ಯಸ್ಥೆಯನ್ನು ಕರೆಸಿದರು. ಇದೇನೆಂದು ಆಕೆ ಕೇಳಿದಾಗ, ಅತ್ತೆ ನನ್ನ ರಕ್ಷಣೆಗೆಂದು ಇಟ್ಟದ್ದು ಎಂದು ನಿಜವನ್ನೇ ಹೇಳಿದೆ.

ಆಕೆಯ ಮುಖ ಮೃದುವಾಯಿತು. ಮುದುಕನೊಡನೆ ತಗ್ಗಿದ ದನಿಯಲ್ಲಿ ಮಾತಾಡಿ ನನ್ನ ಕಡೆ ತಿರುಗಿದಳು. "ಇದು ನಿಮ್ಮ ಸಂಸ್ಕೃತಿ, ನಮಗೆ ಅರ್ಥವಾಗುತ್ತದೆ. ಈ ಸಲ ಎಚ್ಚರಿಕೆ ಮಾತ್ರ. ಕಪ್ ನಿಮ್ಮದೇ," ಎಂದಳು.

ಸುಳ್ಳು ಯಾಕೆ ಹೇಳಲಿ, ನನಗೆ ಹೋದ ಜೀವ ಬಂದಂತಾಯಿತು. ಗಂಡ ಹಗ್ಗದಾಚೆಯಿಂದ, "ವಾರ್ನಿಂಗ್ ಅಷ್ಟೇ ಅಂತಿದಾರಲ್ಲ, ಥ್ಯಾಂಕ್ಸ್ ಹೇಳಿ ಬಂದ್ಬಿಡು ಮಾರಾಯ್ತಿ," ಎಂದು ಕನ್ನಡದಲ್ಲಿ ಕೂಗಿದ. ಥ್ಯಾಂಕ್ಸ್ ಹೇಳಲು ಬಾಯಿಯನ್ನೂ ತೆರೆದೆ. ಆಗ ಬಸ್ ಡ್ರೈವರನ ಮುಖ ಕಂಡಿತು. ಕಿವಿಯವರೆಗೂ ಕೆಂಪಾಗಿತ್ತು. ಅವನು ಕೈಗವಸು ಕಳಚುತ್ತ ತನ್ನ ಕಾರಿನ ಕಡೆ ತಿರುಗಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಅತ್ತೆಯ ಮೇಲೆ, ಕರುಣೆ ತೋರಿಸುತ್ತಿದ್ದ ಆ ಹೆಂಗಸಿನ ಮೇಲೆ, ಹಲ್ಲು ಕಿರಿಯಲು ಹೊರಟಿದ್ದ ನನ್ನ ಮೇಲೆ. ಅವನ ಡಬ್ಬಿ ಬ್ರೇಕಿನ ಹತ್ತಿರವೂ ಬಂದಿರಲಿಲ್ಲ. ನನ್ನ ಹಣ್ಣು ಇನ್ನೊಂಚೂರಿನಲ್ಲಿ ನನ್ನನ್ನು ದಿಬ್ಬಕ್ಕೆ ಅಪ್ಪಳಿಸುತ್ತಿತ್ತು. ಅವನಿಗೆ ಶಿಕ್ಷೆ, ನನಗೆ ಬುದ್ಧಿಮಾತು. ನೆಂಟರ ಮನೆಗೆ ಬಂದ ಮಗು ಲೋಟ ಒಡೆದರೆ ಯಾರೂ ಬಯ್ಯುವುದಿಲ್ಲವಲ್ಲ, ಹಾಗಿತ್ತು.

"ಸ್ನೂಸ್ ಯಾರ ಸಂಸ್ಕೃತಿ?" ಎಂದು ಕೇಳಿದೆ.

ಮುಖ್ಯಸ್ಥೆಗೆ ಅರ್ಥವಾಗಲಿಲ್ಲ. "ಅವನಿಗೆ ಮೇ ತಿಂಗಳಲ್ಲಿ ಕೊಟ್ಟ ಶಿಕ್ಷೆಯನ್ನೇ ನನಗೂ ಕೊಡಿ. ಹಣ್ಣು ನಿಜವಾಗಿಯೂ ಬ್ರೇಕಿನಡಿ ಹೋಗಿತ್ತು. ಇನ್ನು ಸ್ವಲ್ಪದರಲ್ಲಿ ದಿಬ್ಬಕ್ಕೆ ಗುದ್ದುತ್ತಿದ್ದೆ," ಎಂದೆ. ನನ್ನ ಸ್ವೀಡಿಷ್ ಸಿಟ್ಟು ಬಂದಾಗ ತೊದಲುತ್ತದೆ, ಆದರೂ ನಿಲ್ಲಿಸಲಿಲ್ಲ. ಮುದುಕ ನನ್ನನ್ನೊಮ್ಮೆ, ಹಣ್ಣನ್ನೊಮ್ಮೆ ನೋಡಿದ. ಆಮೇಲೆ ಆಕೆಯ ಕಡೆ ತಿರುಗಿ, ಅವಳು ಹೇಳುವುದು ಸರಿ ಎಂದ.

ಹಗ್ಗ ದಾಟಿ ಬಂದೆ. ಗಂಡ ತಲೆ ಚಚ್ಚಿಕೊಂಡ. ಕಪ್ ಹೋಯಿತಲ್ಲ ಎಂಬ ಸಂಕಟ ಸಣ್ಣದೇನಲ್ಲ. ಅಷ್ಟರಲ್ಲಿ ಮೈಕ್ ಗರಗರ ಎಂದಿತು. ನನ್ನ ಕಾರಿನ ನಂಬರ್ ಹೇಳಿದರು. ಒಳಗೆ ಬಿಡಿ ವಸ್ತು, ಅನರ್ಹ, ಎಂದರು. ಅಷ್ಟೇ. ಭಾರತೀಯಳೂ ಇಲ್ಲ, ಗೆಳತಿಯೂ ಇಲ್ಲ. ನನ್ನ ಕಣ್ಣಲ್ಲಿ ದಳದಳ ನೀರಿಳಿಯಿತು.

ಅತ್ತೆ ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡರು. "ಯಾಕವ್ವಾ, ಏನಾತು? ಮೈಕಿನಾಗೆ ನಿಂಗೇನಂದ್ರು?"

"ಎಲ್ರಿಗೂ ಏನ್ ಹೇಳ್ತಾರೋ ಅದನ್ನೇ ಹೇಳಿದ್ರು, ಅತ್ತೆ," ಎಂದೆ.