ಗುರುಸಿದ್ದಣ್ಣನ ಕೀಲಿ ಪೆಟ್ಟಿಗೆ

ಗುರುಸಿದ್ದಣ್ಣ ಎದುರು ಬಂದವರ ಕೈಯನ್ನು ಮೊದಲು ನೋಡುತ್ತಿದ್ದರು. ತುಟಿ ಅಲ್ಲಾಡಿಸುತ್ತ ಬೆರಳು ಎಣಿಸಿ, ಆಮೇಲೆ ಕತ್ತೆತ್ತಿ ಮಾತಾಡಿಸುತ್ತಿದ್ದರು. ತಿಪಟೂರಿನ ಟೈಪಿಂಗ್ ಮತ್ತು ಕಂಪ್ಯೂಟರ್ ಸೆಂಟರಿಗೆ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಒಂದು ಕಟ್ಟು ಹಾಳೆ ಹಿಡಿದು ಬಂದವರು ಕೀಬೋರ್ಡಿನ ಮೇಲಿದ್ದ ನನ್ನ ಕೈಗಳನ್ನೇ ದಿಟ್ಟಿಸಿದಾಗ ಮೈ ಉರಿದು "ಏನ್ರೀ ಅದು?" ಎಂದು ಗದರಿದೆ.

"ಹತ್ತೂ ಅವೆ. ಜ್ವಾಪಾನ ಕಣವ್ವ," ಎಂದರು.

ಎಲ್ಲೋ ತಲೆ ಕೆಟ್ಟಿರಬೇಕು ಅಂದುಕೊಂಡೆ. ಆದರೆ ಸುತ್ತಮುತ್ತಲಿನ ಸುಟ್ಟ ಮೋಟರುಗಳೆಲ್ಲ ಅವರ ಅಂಗಡಿಗೇ ಬಂದು, ತಂತಿ ಸುತ್ತಿಸಿಕೊಂಡು ಹೋಗುತ್ತಿದ್ದವು. ಐವತ್ತು ದಾಟಿದ ಮೇಲೆ ಆ ಮನುಷ್ಯ ಯಾವುದೋ ಆಫೀಸಿನವರು ಮೂಲೆಗೆ ಹಾಕಿದ್ದ ಕಂಪ್ಯೂಟರು ತಂದು, ಪುಸ್ತಕ ನೋಡಿ ಕಲಿತು, ತೆಂಗಿನ ನಾರಿನ ಮಿಲ್ಲುಗಳಿಗೆಂದು ಒಂದು ಕಾವಲು ತಯಾರಿಸಿದ್ದರು. ಒಂದು ಪೆಟ್ಟಿಗೆ, ಅದರಲ್ಲಿ ಮಿಷನ್ನಿನ ಬಳಿ ದುಡಿಯುವ ಒಬ್ಬೊಬ್ಬರಿಗೂ ಒಂದೊಂದು ಕೀಲಿ. ಮಿಷನ್ನಿನೊಳಗೆ ಕೈ ಹಾಕುವ ಮುಂಚೆ ನಿಮ್ಮ ಕೀಲಿ ಕಿತ್ತು ಕೊರಳಿಗೆ ಹಾಕಿಕೊಳ್ಳಬೇಕು. ಅದೇ ಕೀಲಿ ಅದೇ ತೂತಿಗೆ ವಾಪಸು ಬರುವವರೆಗೆ ಕಂಪ್ಯೂಟರು ಮೋಟರಿಗೆ ಕರೆಂಟು ಬಿಡುವುದಿಲ್ಲ. ಕರೆಂಟು ಹೋದರೂ ಅದು ಬ್ಯಾಟರಿಯ ಮೇಲೆ ಎಚ್ಚರವಾಗಿರುತ್ತದೆ.

ಇದಕ್ಕೆ ಪೇಟೆಂಟ್ ಮಾಡಿಸಬೇಕೆಂದು ಅವರಿಗೆ ಆಸೆ. ಚೆನ್ನೈನ ವಕೀಲರೊಬ್ಬರು ಒಪ್ಪಿಕೊಂಡು ಒಂದೇ ಒಂದು ಎಚ್ಚರಿಕೆ ಬರೆದಿದ್ದರು: ಅರ್ಜಿ ಸಲ್ಲಿಸುವವರೆಗೆ ಯಾರಿಗೂ ತೋರಿಸಬೇಡಿ, ಊರಿಗೆಲ್ಲ ಗೊತ್ತಾದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಬಸ್ಸಿಗೆ ಕಾಯುವವರನ್ನೂ ಕೂರಿಸಿಕೊಂಡು ಮೋಟರಿನ ಹೊಟ್ಟೆ ಬಿಚ್ಚಿ ವಿವರಿಸುತ್ತಿದ್ದ ಮನುಷ್ಯ ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡರು. ಕಂಪ್ಯೂಟರಿಗೆ ಕಂಬಳಿ ಹೊದಿಸಿದರು. ಟೀ ಅಂಗಡಿಯಲ್ಲಿ ಯಾರಾದರೂ ಮಿಷನ್ನಿನ ಮಾತೆತ್ತಿದರೆ, "ಹೊಟ್ಟೆನೋವು ಕಣಪ್ಪ," ಎಂದು ಅರ್ಧ ಲೋಟ ಬಿಟ್ಟು ಎದ್ದುಬಿಡುತ್ತಿದ್ದರು. ಗುಟ್ಟು ತಿಳಿದಿದ್ದವಳು ಟೈಪ್ ಮಾಡುವ ನಾನೊಬ್ಬಳೇ. ಆ ಅರ್ಜಿಯ ಇಂಗ್ಲಿಷೋ, ಒಂದು ವಾಕ್ಯ ಶುರುವಾದರೆ ಪುಟ ತಿರುವಿದರೂ ನಿಲ್ಲುತ್ತಿರಲಿಲ್ಲ. ವಕೀಲರು ತಿದ್ದಿ ಕಳಿಸುವರು, ನಾನು ಟೈಪ್ ಮಾಡುವೆ, ಅವರು ಮತ್ತೆ ತಿದ್ದುವರು. ಹೀಗೇ ತಿಂಗಳುಗಳು ಉರುಳಿದವು.

ನನಗೆ ಆ ತಿಂಗಳುಗಳು ನುಂಗಲಾರದ ತುತ್ತಾಗಿದ್ದವು. ನಮ್ಮವ್ವ ಕಿಬ್ಬನಹಳ್ಳಿಯ ಹತ್ತಿರದ ನಾರಿನ ಮಿಲ್ಲಿನಲ್ಲಿ ನಾರು ಸುಲಿಯುವ ಮುಳ್ಳಿನ ಡ್ರಮ್ಮಿಗೆ ತೆಂಗಿನಕಾಯಿ ಮಟ್ಟೆ ಕೊಡುವ ಕೆಲಸ ಮಾಡುತ್ತಿದ್ದಳು. ಮಿಷನ್ನು ಓಡುವಾಗ ಡ್ರಮ್ಮಿಗೆ ಸುತ್ತಿಕೊಂಡ ನಾರು ಬಿಡಿಸಲಾಗುವುದಿಲ್ಲ. ಹಾಗಾಗಿ ಕರೆಂಟು ಹೋದ ಕೂಡಲೇ ಹೆಂಗಸರೆಲ್ಲ ಅದಕ್ಕೆ ಕೈ ಹಾಕುತ್ತಿದ್ದರು. ಯಜಮಾನರೋ, ಪಂಪ್‌ಸೆಟ್ಟಿಗೆ ಹಾಕುವಂತೆ ಮಿಲ್ಲಿಗೂ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಕರೆಂಟು ಬಂದದ್ದೇ ತಡ, ಮೋಟರು ತಾನಾಗಿಯೇ ತಿರುಗುತ್ತಿತ್ತು. ಬೇಡ ಕಣವ್ವ ಎಂದರೆ ಅವ್ವ, "ಕರೆಂಟ್ ಇಲ್ದಾಗ ಸುಮ್ಕೆ ಕೂತ್ರೆ ನಾರು ಯಾರ್ ಬುಡುಸ್ತಾರೆ?" ಎನ್ನುತ್ತಿದ್ದಳು. ಸಂಜೆ ಅವಳು ಹೊಸ್ತಿಲು ದಾಟುವಾಗ ನಾನೂ ಗುರುಸಿದ್ದಣ್ಣನಂತೆ ಬೆರಳು ಎಣಿಸತೊಡಗಿದ್ದೆ.

ಒಂದು ಮಧ್ಯಾಹ್ನ ಗುರುಸಿದ್ದಣ್ಣ ಎದುರಿಗೆ ಕೂತು ವಕೀಲರ ತಿದ್ದುಪಡಿ ಓದಿ ಹೇಳುತ್ತಿದ್ದರು. ಫ್ಯಾನು ನಿಂತಿತು, ಕಂಪ್ಯೂಟರು ಆರಿತು. ಈಗ ಅವ್ವನ ಕೈ ಡ್ರಮ್ಮಿನೊಳಗಿದೆ. ತಡೆದುಕೊಳ್ಳಲಾಗದೆ ಎಲ್ಲ ಹೇಳಿಬಿಟ್ಟೆ. "ನಿಮ್ಮ ಪೆಟ್ಟಿಗೆ ಕಂಬಳಿ ಹೊದ್ದು ಮಲಗಿರಲಿ ಅಣ್ಣ. ಅಲ್ಲಿ ನಮ್ಮವ್ವನ ಕೈ ಹೋಗಲಿ," ಎಂದು ಅತ್ತೆ.

ಅವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. ಆಮೇಲೆ, "ನನ್ ತಮ್ಮ ಶಂಕ್ರ ಮಿಷನ್ನೊಳಕ್ಕೆ ಕೈ ಹಾಕವ್ನೆ ಅಂತ ಗೊತ್ತಿಲ್ದೆ ಸ್ವಿಚ್ ಹಾಕ್ದೋನು ನಾನೇ ಕಣವ್ವ. ಅವುನ್ ಬಲಗೈ ಹೋಯ್ತು," ಎಂದರು. ಹಾಳೆಗಳನ್ನು ಮಡಿಸಿಕೊಂಡು ಎದ್ದರು.

ಎರಡು ದಿನ ಬಿಟ್ಟು, ಅವರು ಯಜಮಾನರನ್ನು ಒಪ್ಪಿಸಿ ಆ ಪೆಟ್ಟಿಗೆಯನ್ನು ನಮ್ಮವ್ವನ ಮಿಲ್ಲಿನ ಗೋಡೆಗೆ, ಕಂಪ್ಯೂಟರನ್ನು ಅದರ ಕೆಳಗೆ ಕೂರಿಸಿದ್ದರು. ರಜೆ ಹಾಕಿ ನಾನೂ ಹೋಗಿದ್ದೆ. ಹೆಂಗಸರು ಕೀಲಿಗಳನ್ನು ತಿರುಗಿಸಿ ನೋಡಿ ನಕ್ಕರು. ಅವ್ವ ಮಾತ್ರ ನಗಲಿಲ್ಲ. "ಅಲ್ಲ ಕಣಣ್ಣ, ಕೀಲಿ ಕಿತ್ತಿರಾದ್ನ ಇದು ಮರ್ತೋದ್ರೆ?" ಎಂದು ಕೇಳಿದಳು.

ಗುರುಸಿದ್ದಣ್ಣ ಮುಚ್ಚಳ ತೆಗೆದರು. ಹೆದ್ದಾರಿಯ ಅಂಗಡಿಗಳ ಎಲೆಕ್ಟ್ರಿಷಿಯನ್ನರೂ ಬಂದು ಸುತ್ತ ನೆರೆದಿದ್ದರು. ನಾನು ಗಾಬರಿಯಾಗಿ ಅವರ ಅಂಗಿ ಜಗ್ಗಿ, "ಅಣ್ಣ, ವಕೀಲರು ಏನಂದಿದ್ದರು?" ಎಂದು ಪಿಸುಗುಟ್ಟಿದೆ.

"ಒಳ್ಗೇನೈತೆ ಅಂತ ಕಾಣ್ದಿದ್ರೆ ನಿಮ್ಮವ್ವ ಯಾಕೆ ನಂಬ್ತಾಳೆ? ನಂಬ್ದಿದ್ರೆ ಕೀಲಿ ಕೀಳಾಕಿಲ್ಲ," ಎಂದರು. ಒಂದೊಂದು ತಂತಿಯನ್ನೂ ಮುಟ್ಟಿ, ಯಾವುದು ಎಲ್ಲಿಗೆ, ಏಕೆ ಎಂದು ಎಲ್ಲರಿಗೂ ವಿವರಿಸಿದರು. ಅಷ್ಟು ದಿನ ಕಟ್ಟಿಟ್ಟಿದ್ದ ಮಾತೆಲ್ಲ ಒಂದೇ ಸಲ ಹೊರಬಂತು.

ಮೂರು ಗಂಟೆಗೆ ಕರೆಂಟು ಹೋಯಿತು. ಅವ್ವ ತನ್ನ ಕೀಲಿ ಕಿತ್ತು ಕೊರಳಿಗೆ ಹಾಕಿಕೊಂಡು, ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಹಾಕಿದಳು. ಅವಳ ಕೈ ಇನ್ನೂ ಒಳಗಿರುವಾಗಲೇ ಬಲ್ಬು ಹತ್ತಿತು. ಸ್ಟಾರ್ಟರು ಟಕ್ಕೆಂದಿತು. ಡ್ರಮ್ಮು ಅಲ್ಲಾಡಲಿಲ್ಲ. ಅವ್ವ ನಿಧಾನವಾಗಿ ಕೈ ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

ಕೊನೆಗೂ ಅರ್ಜಿ ಸಿದ್ಧವಾದಾಗ ವಕೀಲರು ಕೇಳಿ ಬರೆದರು: ಇದನ್ನು ಎಲ್ಲಾದರೂ ಬಹಿರಂಗವಾಗಿ ತೋರಿಸಿದ್ದೀರಾ? "ಇಲ್ಲ ಅಂತ ಹಾಕ್ತೀನಿ ಅಣ್ಣ, ಚೆನ್ನೈನವರಿಗೆ ಏನು ಗೊತ್ತಾಗುತ್ತೆ?" ಎಂದೆ. ಗುರುಸಿದ್ದಣ್ಣ ನನ್ನನ್ನು ನೋಡಿದ ನೋಟಕ್ಕೆ ಈಗಲೂ ನಾಚಿಕೆಯಾಗುತ್ತದೆ. "ಹೌದು ಅಂತ್ಲೇ ಹೊಡಿ," ಎಂದರು. ಹೊಡೆದೆ. ವಕೀಲರು ಕೈಚೆಲ್ಲಿದರು. ಅಷ್ಟರಲ್ಲಿ ತುರುವೇಕೆರೆ ಕಡೆಯ ಮಿಲ್ಲುಗಳಲ್ಲೂ ಯಾರು ಯಾರೋ ಅಂಥದೇ ಪೆಟ್ಟಿಗೆ ಮಾಡಿ ಕೂರಿಸಿದ್ದರು. ಅವುಗಳ ಮೇಲೆ ಗುರುಸಿದ್ದಣ್ಣನ ಹೆಸರಿರಲಿಲ್ಲ. ನನ್ನಿಂದಲೇ ಹೀಗಾಯಿತೆಂದು ನಾನು ಕೊರಗಿದರೆ, "ಬುಡವ್ವ, ಹೆಸ್ರು ಕಟ್ಕೊಂಡು ಏನ್ ಮಾಡನ," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಕೆಲವು ವರ್ಷಗಳ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಅವ್ವನನ್ನು ಕರೆದುಕೊಂಡು ಹೋದೆ. ಅದೇ ಕೊನೆಯ ಭೇಟಿಯೆಂದು ಗೊತ್ತಿರಲಿಲ್ಲ. ಶಂಕ್ರಣ್ಣ ಎಡಗೈಯಲ್ಲಿ ಒಂದೊಂದೇ ಲೋಟ ಕಾಫಿ ತಂದಿಡುತ್ತಿದ್ದರು. ಗುರುಸಿದ್ದಣ್ಣ ಅವ್ವನ ಎರಡೂ ಕೈಗಳನ್ನು ತಡಕಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಎಣಿಸಿದರು. ಆಮೇಲೆ ತಮ್ಮನ ಹೆಜ್ಜೆ ಸಪ್ಪಳವಾದ ಕಡೆಗೆ ಮುಖ ತಿರುಗಿಸಿ ಹೇಳಿದರು:

"ಹತ್ತೂ ಅವೆ ಕಣ್ಲಾ ಶಂಕ್ರ."

"ಎಣಿಸಿದ್ ಸಾಕು ಬುಡಣ್ಣ," ಎಂದರು ಶಂಕ್ರಣ್ಣ. "ಕಾಪಿ ಆರೋಯ್ತದೆ, ಕುಡಿ."