ಜೋಮ್‌ಸೋಮಿನಲ್ಲಿ ಬಿಟ್ಟುಹೋದ ಬಸ್ಸು

ತಾಯಲೂರಿನ ಆಶಾ ಕಾರ್ಯಕರ್ತೆ ಗಂಗಾಲಕ್ಷ್ಮಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಹದಿನಾಲ್ಕು ವರ್ಷ ಮನೆಮನೆ ತಿರುಗಿ, "ಬಿಪಿ ಮಾತ್ರೆ ತಗೊಂಡ್ರಾ?" ಅಂತ ಕೇಳಿ ಕೇಳಿ ಬಂದ ಕೋಪ ಅದು. ನೇಪಾಳದಲ್ಲಿ ಬಂದದ್ದು ಬೇರೆ ತರಹದ್ದು.

ಅವಳ ದೊಡ್ಡಮ್ಮ ಮುನಿಯಲ್ಲಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಸಾಯುವುದರೊಳಗೆ ನೇಪಾಳದ ಬೆಟ್ಟದ ಮೇಲಿನ ಮುಕ್ತಿನಾಥನನ್ನು ನೋಡಬೇಕೆಂಬ ಆಸೆ. ನಂಗಲಿಯ ಯಾತ್ರೆ ಏಜೆಂಟ್ ಸುಬ್ಬರಾಯಪ್ಪ, "ಜೊತೇಲೇ ಡಾಕ್ಟ್ರು ಇರ್ತಾರೆ ಕಣಮ್ಮಾ" ಅಂದಿದ್ದ. ಗಂಗಾಲಕ್ಷ್ಮಿಯೂ ದೊಡ್ಡಮ್ಮನ ಜೊತೆ ಹೊರಟಳು. ಹೊರಟ ಮೇಲೆ ನೋಡಿದರೆ ಡಾಕ್ಟರಿರಲಿ, ಒಂದು ಜ್ವರದ ಮಾತ್ರೆಯೂ ಇರಲಿಲ್ಲ. ಪೊಖರಾದಲ್ಲಿ ಇವರು ತಿಂಡಿ ತಿನ್ನುವಷ್ಟರಲ್ಲಿ, ಬೆಟ್ಟದ ಬಸ್ಸಿಗೆ ಭಾರ ಅಂತ ಎಲ್ಲರ ಬ್ಯಾಗುಗಳನ್ನೂ ಅವನೇ ಹೋಟೆಲಿನಲ್ಲಿ ಇಡಿಸಿಬಿಟ್ಟ. ದೊಡ್ಡಮ್ಮನ ಮಾತ್ರೆಗಳೂ ಅಲ್ಲೇ ಉಳಿದವು.

ಮಾತ್ರೆ ತಪ್ಪಿದ ಮೂರನೇ ದಿನ, ಮುಕ್ತಿನಾಥಕ್ಕೆ ಹೋಗುವ ದಾರಿಯ ಜೋಮ್‌ಸೋಮಿನಲ್ಲಿ ಮುನಿಯಲ್ಲಮ್ಮನಿಗೆ ಏದುಸಿರು ಹತ್ತಿತು, ನಿಲ್ಲಲಾಗಲಿಲ್ಲ.

"ಬೆಟ್ಟದ ಗಾಳಿ, ಹಂಗೇ. ದರ್ಶನ ಆದ್ರೆ ಸರಿಹೋಗುತ್ತೆ, ಹತ್ತಿ" ಅಂದ ಸುಬ್ಬರಾಯಪ್ಪ.

"ಉಸಿರೇ ಇಲ್ದೋರನ್ನ ಇನ್ನೂ ಮೇಲಕ್ಕೆ ಹತ್ತಿಸ್ತೀಯಾ? ಆಸ್ಪತ್ರೆ ಎಲ್ಲೈತೆ, ವಿಚಾರಿಸು!" ಅಂದಳು ಗಂಗಾಲಕ್ಷ್ಮಿ.

"ಒಬ್ಬರಿಗೋಸ್ಕರ ಮೂವತ್ತು ಜನ ಕಾಯಕ್ಕಾಗಲ್ಲಮ್ಮ."

ಬಸ್ಸು ಹೊರಟೇಹೋಯಿತು. ಊರ ಕಡೆಯವರೆಲ್ಲ ಕಿಟಕಿಯಲ್ಲಿ ಕೂತು ನೋಡುತ್ತಲೇ ಹೋದರು.

ಗಂಗಾಲಕ್ಷ್ಮಿ ದೊಡ್ಡಮ್ಮನನ್ನು ತಬ್ಬಿ ನಡೆಸಿಕೊಂಡು ಒಂದು ಮೆಡಿಕಲ್ ಶಾಪು ಹುಡುಕಿದಳು. ಅಂಗಡಿಯವನಿಗೆ ಹಿಂದಿ ಬರುತ್ತಿತ್ತು; ಮುಳಬಾಗಿಲಿನ ಸಂತೆಯಲ್ಲಿ ಕಲಿತ ಉರ್ದು ಅಲ್ಲಿ ಕೈಹಿಡಿಯಿತು. ದೊಡ್ಡಮ್ಮನ ಸೊಂಟದ ಚೀಲದಲ್ಲಿದ್ದ ಖಾಲಿ ಮಾತ್ರೆ ಪಟ್ಟಿಗಳನ್ನು ತೋರಿಸಿದರೆ ಅವನು ಇಲ್ಲವೆಂದು ತಲೆಯಾಡಿಸಿದ. ಆ ಕಂಪನಿ ಹೆಸರು ಅಲ್ಲಿಲ್ಲ. ಅವಳು ಪಟ್ಟಿ ತಿರುಗಿಸಿ, ಸಣ್ಣಕ್ಷರದಲ್ಲಿದ್ದ ಔಷಧದ ಮೂಲ ಹೆಸರು ಓದಿದಳು: "ಮೆಟ್‌ಫಾರ್ಮಿನ್. ಅಮ್ಲೋಡಿಪಿನ್." ಅವನ ಮುಖ ಅರಳಿತು. ಮಾತ್ರೆ ಎತ್ತಿಟ್ಟು, ಮೊದಲು ಡಾಕ್ಟರಿಗೆ ತೋರಿಸಿ ಅಂತ, ಅಂಗಡಿ ಮುಚ್ಚಿ ತಾನೇ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಆಕ್ಸಿಜನ್ ಕೊಟ್ಟು, ಇವತ್ತೇ ಕೆಳಗಿಳಿಯಿರಿ, ಮೇಲೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು ಅಂದರು. ಅಂದೇ ಜೀಪು ಹಿಡಿದು ಇಬ್ಬರೂ ಪೊಖರಾದ ಹೋಟೆಲಿಗೆ ಇಳಿದರು.

ಎರಡು ದಿನ ಬಿಟ್ಟು ಸುಬ್ಬರಾಯಪ್ಪ ಯಾತ್ರಿಕರ ಜೊತೆ ಅಲ್ಲಿಗೆ ಬಂದು, ನಗುತ್ತಾ ಪ್ರಸಾದ ನೀಡಿದ. "ಬಾಗುನ್ನಾರಾ ಅಮ್ಮಾ?" ಅಂತ ತೆಲುಗಿನಲ್ಲಿ ಕ್ಷೇಮ ಕೇಳಿದ.

"ಎತ್ಕೋ ಕೈನ!" ಅವಳ ಕೂಗಿಗೆ ಹೋಟೆಲಿನವರೆಲ್ಲ ಹೊರಬಂದರು. "ಹೆಣ ಬಿದ್ದಿದ್ರೆ ಅದಕ್ಕೂ ಪ್ರಸಾದ ಹಾಕ್ತಿದ್ಯಾ?" ಯಾತ್ರಿಕರ ಕಡೆ ತಿರುಗಿದಳು. "ನೀವೂ ಅಷ್ಟೇ, ಬಸ್ಸಲ್ಲಿ ಕೂತ್ಕೊಂಡು ನೋಡ್ದೋರು!"

ಊರಿಗೆ ಬಂದವಳು ನೇರ ಮುಳಬಾಗಿಲಿಗೆ ಹೋಗಿ ಪೊಲೀಸರಿಗೆ ದೂರು ಬರೆದುಕೊಟ್ಟಳು. ರಾಜಿಯಾಗಿ ಅಂದರು ಅವರು. ಅವಳು ಒಪ್ಪಲಿಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ. ಮುನಿಯಲ್ಲಮ್ಮನೇ ಗೊಣಗುತ್ತಾಳೆ: "ದೇವರ ಕೆಲಸದಲ್ಲಿ ಜಗಳ ಯಾಕೇ? ಬಿಡೇ."

"ದೇವರು ನಿನ್ನನ್ನ ದಾರೀಲಿ ಬಿಟ್ಟುಹೋಗಲಿಲ್ಲ ದೊಡ್ಡಮ್ಮ, ಸುಬ್ಬರಾಯಪ್ಪ ಹೋದ" ಅನ್ನುತ್ತಾಳೆ ಗಂಗಾಲಕ್ಷ್ಮಿ.