ಚೆಂಡಿಗೆ ಅಂಕ ಕೊಟ್ಟ ಮಧ್ಯಾಹ್ನ

ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲು ತೆರೆದರೆ ಕುರಿಯ ವಾಸನೆ ಬರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ನಗು ಬರುತ್ತದೆ. ಗೂಟಕ್ಕೆ ತೂಗುಹಾಕಿದ ಹಳೆಯ ಕಂಬಳಿಯ ವಾಸನೆ ಅದು. ಅದು ಇಲ್ಲಿಗೆ ಬಂದ ಮಧ್ಯಾಹ್ನ ನಾವು ನಾಲ್ವರಿದ್ದೆವು: ಆಟದ ಟೀಚರ್ ಕೊಟ್ರಮ್ಮ, ವಾಲಿಬಾಲ್ ತಂಡದ ನಾಯಕಿ ಮಂಜುಳಾ, ಅವಳನ್ನು ಕರೆದೊಯ್ಯಲು ಬಂದು ಜಗುಲಿಯಲ್ಲಿ ಕುಳಿತಿದ್ದ, ಕುರಿ ಕಾಯುವ ಅವಳ ಅಜ್ಜ ಹಾಲಪ್ಪ, ಮತ್ತು ಗಣಿತದ ಮೇಷ್ಟರಾದ ನಾನು.

ಹಡಗಲಿಯ ಪಂದ್ಯಕ್ಕೆ ಹದಿನೈದು ದಿನ ಉಳಿದಿತ್ತು. ಹಳೆಯ ಚೆಂಡು ಕಲ್ಲಿನಂತಾಗಿ ಹುಡುಗಿಯರ ಮುಂಗೈ ಊದುತ್ತಿತ್ತು. ಅಂಗಡಿಯವರು ನೋಡಲೆಂದು ಕೆಂಪು ಒಂದು, ನೀಲಿ ಒಂದು ಕಳಿಸಿದ್ದರು. ಒಂದನ್ನು ಆರಿಸಬೇಕು, ವರ್ಷವಿಡೀ ಅದೇ ಗತಿ.

ನಾನಾಗ ಅಂದಾಜಿನ ಮಾತಿಗೆ ಅಂಕಿ ಕೊಡುವ ‘ಫಜಿ’ ಎಂಬ ಲೆಕ್ಕವನ್ನು ಹೊಸದಾಗಿ ಕಲಿತು, ಯಾವುದಕ್ಕೆ ಹಚ್ಚಲಿ ಎಂದು ಚಡಪಡಿಸುತ್ತಿದ್ದೆ. ಹೆದರಬೇಡಿ, ನೀವೂ ದಿನಾ ಮಾಡುವುದೇ. ನನ್ನ ಅಜ್ಜಿ ಸಾರಿನ ಹನಿಯನ್ನು ಅಂಗೈಗೆ ಬಿಟ್ಟು ನೆಕ್ಕಿ, ‘ಉಪ್ಪು ಒಂಚೂರು ಕಮ್ಮಿ ಐತಿ’ ಎನ್ನುತ್ತಿದ್ದಳು. ಆ ‘ಒಂಚೂರಿ’ಗೆ ಸೊನ್ನೆಗೂ ಒಂದಕ್ಕೂ ನಡುವೆ ಒಂದು ಅಂಕಿ ಕೊಟ್ಟರೆ ಮುಗಿಯಿತು. ಪುಟಿತ, ಮೆದುತನ, ಹಿಡಿತ, ಬಣ್ಣ ಎಂದು ಗೆರೆ ಹೊಡೆದೆ. ಚೆಂಡುಗಳನ್ನು ಜಗುಲಿಯ ಸಿಮೆಂಟಿನ ಮೇಲೆ ಪುಟಿಸಿ, ‘ಭಾಳ ಛಲೋ’, ‘ಅಡ್ಡಿಯಿಲ್ಲ’, ‘ಸುಮಾರು’ ಎಂದು ಟೀಚರನ್ನೂ ಹುಡುಗಿಯನ್ನೂ ಕೇಳಿ ಬರೆದುಕೊಂಡೆ. ಕೆಂಪಿಗೆ ಸೊನ್ನೆ ಪಾಯಿಂಟ್ ಎಂಟು, ನೀಲಿಗೆ ಸೊನ್ನೆ ಪಾಯಿಂಟ್ ಐದು. ಗಂಟಲು ಸರಿಮಾಡಿಕೊಂಡು ಫಲಿತಾಂಶ ಓದಿದೆ.

‘ಇವ್ರು ಆಡಾದು ಈ ಜಗಲಿ ಮ್ಯಾಲೇನ್ರಿ ಮಾಸ್ತರ?’ ಎಂದ ಅಜ್ಜ.

‘ಇಲ್ಲಜ್ಜ, ಬಯಲಾಗ.’

‘ಮತ್ತ ಬಯಲಾಗ ನೋಡ್ರಿ. ಸಂತಿಯಾಗ ಕುರಿ ಕೊಳ್ಳುವಾಗ ನಾನು ಬೆನ್ನು ಎಷ್ಟು ಮುಟ್ಟಿದ್ರೂ, ಕಲ್ಲಾಗ ನಡಿಸಿ ಕಾಲು ನೋಡಲಾರ್ದ ಹಗ್ಗ ಹಿಡಿಯಂಗಿಲ್ಲ.’

ಮಂಜುಳಾ ಕೆಂಪು ಚೆಂಡನ್ನು ಬಯಲಲ್ಲಿ ಹೊಡೆದಳು. ಎರಡನೆಯ ಏಟಿಗೆ ಅದು ನೆಲಕ್ಕೆ ಬಿದ್ದು ಸುಯ್ಯೆಂದಿತು. ನೆಗ್ಗಿಲು ಮುಳ್ಳು. ಚಪ್ಪಲಿಯನ್ನೂ ಬಿಡದ ಜಾತಿ.

‘ಸರ್, ಈಗ ಎಷ್ಟು ಹಾಕ್ತೀರಿ?’ ಕೊಟ್ರಮ್ಮ ನನ್ನ ಪೆನ್ನನ್ನು ನನಗೇ ಚಾಚಿದರು.

ದಪ್ಪ ಚರ್ಮದ ನೀಲಿಗೆ ಮುಳ್ಳು ನಾಟಲಿಲ್ಲ. ಆದರೆ ನಾಲ್ಕೇ ಏಟಿಗೆ ಮಂಜುಳಾ ಕೈ ಕೊಡವಿದಳು.

‘ಇದೂ ಕಲ್ಲ ಐತಿ ಮೇಡಂ. ಇದ್ರಾಗ ಆಡಾಕ ನಾ ಒಲ್ಲೆ.’

‘ನಾಯಕಿನ ಒಲ್ಲೆ ಅಂದ್ರ ಹಡಗಲಿಗೆ ಹೋಗಿ ನಾನು ಆಡ್ಲೇನು?’

‘ತಡೀರಿ ತಾಯಿ’ ಎನ್ನುತ್ತ ಅಜ್ಜ ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ, ಒಂದು ತುದಿ ಮೊಮ್ಮಗಳ ಕೈಗಿತ್ತ. ಇಬ್ಬರೂ ಬಯಲುದ್ದ ಎಳೆದರು. ಮಗುಚಿದರೆ ಕಂಬಳಿಯ ತುಂಬ ಮುಳ್ಳು.

‘ಕುರಿ ಮಲಗ್ಸಾಕಿಂತ ಮೊದ್ಲ ಹಿಂಗ ಎಳಿತೀವ್ರಿ. ಮರಿ ಕಾಲಿಗೆ ಚುಚ್ಚಬಾರದಲ್ಲ. ಇದು ಇಲ್ಲೇ ಇರ್ಲಿ, ನನಗ ಮನ್ಯಾಗ ಇನ್ನೊಂದೈತಿ.’

ಕೆಂಪು ಚೆಂಡಿಗೆ ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿ ಅದನ್ನೇ ಉಳಿಸಿಕೊಂಡೆವು. ಇವತ್ತಿಗೂ ಯಾವ ಆಟದ ಸಾಮಾನು ಬಂದರೂ ನನ್ನ ಕಾಗದದ ಮೊದಲ ಸಾಲು ‘ನೆಲ’. ಅದರ ಅಂಕಿಯನ್ನು ಬಯಲಿಗೆ ಹೋಗಿ, ಚಪ್ಪಲಿ ಬಿಟ್ಟು ನಿಂತು ಬರೆಯುತ್ತೇನೆ.

ಆ ಪಂದ್ಯದ ದಿನ ಹಡಗಲಿಯ ಅಂಕಣ ಗುಡಿಸಿ ನೀರು ಹೊಡೆದು ಚೊಕ್ಕಟವಾಗಿತ್ತು. ಆದರೂ ನಮ್ಮ ಹುಡುಗಿಯರು ರೂಢಿಯಂತೆ ಚೀಲದಿಂದ ಕಂಬಳಿ ತೆಗೆದು ಎಳೆಯತೊಡಗಿದರು. ತೀರ್ಪುಗಾರರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಕಾದರು. ನಮ್ಮವರು ಎರಡೂ ಸೆಟ್ ಗೆದ್ದರು. ಸೋತ ತಂಡದ ನಾಯಕಿ ಮಂಜುಳಾಳನ್ನು ಮರೆಗೆ ಕರೆದು, ಅಂಥ ಕಂಬಳಿ ಯಾವ ಸಂತೆಯಲ್ಲಿ ಸಿಗುತ್ತದೆ ಎಂದು ಕೇಳಿದಳು.